ಹನ್ನೊಂದು ಸೆಕೆಂಡಿಗೊಂದು ಮೀನು

ಗ್ದಾನ್ಸ್ಕ್‌ ಊರಿನಲ್ಲಿ ರಾತ್ರಿಪಾಳಿ, ಮೂರನೇ ಮಹಡಿ.
ಕೆಳಗೆ ಕೊನೆಯ ಟ್ರಾಮು ತಿರುವಿನಲ್ಲಿ ಕಿರುಗುಟ್ಟಿ ಹೋಯಿತು.
ಮೇಲೆ ನಾನು, ಬೊಗ್ನಾ, ಜೊಳ್ಳು ತೂರುವವಳು.

ಗೋಡೆಯಾಚೆಗೂ ಕಣ್ಣು ಬರಿಸಿಕೊಂಡವರು,
ಗುಂಡು ತಾನೇ ಹುಡುಕಿಕೊಂಡು ಹೋಗಿ
ಎದುರಾಳಿಯ ಹಣೆಗೆ ಅಂಟುವಂತೆ ಮಾಡಿಕೊಂಡವರು,
ಸಿಕ್ಕಿಬಿದ್ದ ಮೇಲೆ
"ಆಡಿದ್ದು ನಾನಲ್ಲ, ಚಿಕ್ಕಪ್ಪನ ಮಗ" ಎಂದು ಬರೆಯುವವರು.
ಜಗತ್ತಿನ ಎಲ್ಲ ಚಿಕ್ಕಪ್ಪಂದಿರಿಗೂ
ಇಂಥದೇ ಮಗನೊಬ್ಬ ಹುಟ್ಟಿರುತ್ತಾನೆ.
ಅವರ ಮೇಲೆ ನನಗೆ ಅಂಥ ಸಿಟ್ಟಿಲ್ಲ.
ಮೋಸಕ್ಕೂ ಗೆಲ್ಲುವ ಆಸೆಯೊಂದು ಬೇಕಲ್ಲ.

ಬಾಟ್‌ಗಳದು ಬೇರೆ.
ಆಟದೊಳಗಿನ ಹಳೆ ಬಂದರಿನ ಕಟ್ಟೆಯ ಮೇಲೆ
ಸಾಲಾಗಿ ನಿಂತಿರುತ್ತವೆ,
ಒಂದೇ ಟೋಪಿ, ಹೆಸರಿಗೆ ಬಾಲವಾಗಿ ಐದು ಅಂಕಿ.
ಗಾಳ ಎಸೆ, ಎಳೆ, ಬುಟ್ಟಿಗೆ ಹಾಕು, ಎಸೆ.
ಬೆಳಗಾಗುವುದರೊಳಗೆ ಮೀನು ಚಿನ್ನವಾಗಿ
ಚಿನ್ನ ಯಾರದೋ ಕಾರ್ಡಿನಲ್ಲಿ ಡಾಲರಾಗಿ.
ನನ್ನ ಪರದೆಯ ಮೇಲೆ ಒಂದು ಗೆರೆ ಓಡುತ್ತದೆ:
ಒಂದು ಕ್ಲಿಕ್ಕಿಗೂ ಇನ್ನೊಂದಕ್ಕೂ ನಡುವಿನ ಹೊತ್ತು.
ಮನುಷ್ಯರ ಗೆರೆ ಕುಡಿದು ಮನೆ ಹುಡುಕಿದ ಹಾಗೆ,
ಬಾಟಿನದು ಈಗಷ್ಟೇ ಇಸ್ತ್ರಿ ಹಾಕಿದ ಹಾಗೆ.

ಮಂಗಳವಾರ ಇಡೀ ಸಾಲನ್ನೇ ಕಿತ್ತೆಸೆದೆ.
ಹದಿಮೂರನೆಯದು ಬಲತುದಿಯಲ್ಲಿತ್ತು, ಟೋಪಿ ಮಾತ್ರ ಬೇರೆ.
ಹನ್ನೊಂದು ಸೆಕೆಂಡು, ಹನ್ನೊಂದು, ಹನ್ನೊಂದು,
ಒಂಬತ್ತು ಗಂಟೆ ಕಾಲ.
ಎರಡನೇ ಸಲ ನೋಡಲಿಲ್ಲ.

ಗುರುವಾರ ಕಾಗದ ಬಂತು.
"ನಾನು ಓಡ್ನಿ. ವಾರ್ಡೊ ದ್ವೀಪ, ನಾರ್ವೆಯ ತುತ್ತತುದಿ.
ನಲವತ್ತೊಂದು ವರ್ಷ ಕಾರ್ಖಾನೆಯಲ್ಲಿ ಕಾಡ್ ಮೀನು ಸೀಳಿದವಳು.
ಬೆಲ್ಟಿನ ಮೇಲೆ ಹನ್ನೊಂದು ಸೆಕೆಂಡಿಗೊಂದು ಬರುತ್ತಿತ್ತು.
ಎಡಗೈ ಮಗುಚಬೇಕು, ಬಲಗೈ ಬೆನ್ನೆಲುಬಿನಗುಂಟ ಹೋಗಬೇಕು.
ಕಾರ್ಖಾನೆ ಮುಚ್ಚಿದರು, ಕೈ ನಿಲ್ಲಲಿಲ್ಲ.
ಆಟದಲ್ಲಾದರೆ ವಾಸನೆ ಇಲ್ಲ, ಅಷ್ಟೇ ಲಾಭ."

ದಾಖಲೆ ಬಿಚ್ಚಿದೆ.
ಮೂವತ್ತು ಮೀನಿಗೊಮ್ಮೆ ಒಂದು ಬಿಡುವು,
ಸರಿಯಾಗಿ ಆರು ಸೆಕೆಂಡು. ಒಮ್ಮೆಯೂ ತಪ್ಪಿಲ್ಲ.
"ಅದೇ ಮೋಸ" ಎಂದ ಮೇಲ್ವಿಚಾರಕ ದೊಬ್ರೊಮಿರ್,
"ಬಾಟ್ ಬರೆಯುವವರು ಈಗ ನಡುನಡುವೆ ಉಸಿರನ್ನೂ ಬರೆಯುತ್ತಾರೆ."
ಆ ಆರು ಸೆಕೆಂಡು ಏನು ಮಾಡುತ್ತೀರಿ, ಕೇಳಿ ಬರೆದೆ.
"ಯಾವ ಆರು ಸೆಕೆಂಡು?" ಎಂದು ಉತ್ತರ.
ಗಂಟೆ ಬಿಟ್ಟು ಇನ್ನೊಂದು:
"ಖಾಲಿ ಮೇಜಿನ ಮುಂದೆ ಕೂತು ಕೈಯನ್ನೇ ಕೇಳಿ ನೋಡಿದೆ.
ಕತ್ತಿ ಮಸೆಯುತ್ತಿದ್ದೇನೆ."

ನಮ್ಮ ಆಟದಲ್ಲಿ ಕತ್ತಿಯೇ ಇಲ್ಲ.

ಖಾತೆ ತೆರೆದುಕೊಟ್ಟೆ.
ಕಾರಣದ ಜಾಗದಲ್ಲಿ ಕತ್ತಿ ಎಂದು ಬರೆದು, ಅಳಿಸಿ,
ತಾಂತ್ರಿಕ ದೋಷ ಎಂದು ಬರೆದೆ.

ವಂದನೆಯ ಜೊತೆ ಒಂದು ಕೋರಿಕೆ ಬಂತು:
"ನನ್ನ ಎಡಕ್ಕೆ ನಿಲ್ಲುತ್ತಿದ್ದವನನ್ನೂ ವಾಪಸು ಕೊಡಿ.
ಬಾಟ್ ಅಂತ ಗೊತ್ತು, ದಡ್ಡಿಯಲ್ಲ ನಾನು.
ದಿನಾ ನಮಸ್ಕಾರ ಹೇಳುತ್ತಿದ್ದೆ, ತಿರುಗಿ ಹೇಳಲಿಲ್ಲ.
ಕಾರ್ಖಾನೆಯಲ್ಲಿ ನನ್ನ ಎಡಕ್ಕೆ ನಿಲ್ಲುತ್ತಿದ್ದ ಗುನ್ವೋರ್ ಕೂಡ
ಆರು ವರ್ಷ ಮಾತಾಡಲಿಲ್ಲ, ಒಂದು ಕೈಗವಸಿನ ಜಗಳಕ್ಕೆ.
ಈಗ ಆ ಕಡೆಯಿಂದ ಗಾಳಿ ಹೊಡೆಯುತ್ತದೆ."

ನಿಯಮ ವಿವರಿಸಿದೆ. ಸರಿ ಎಂದಳು.

ನವೆಂಬರಿನಲ್ಲಿ ಕಟ್ಟೆಗೆ ಹೊಸ ಸಾಲು ಬಂತು.
ಮೂವತ್ತು ಮೀನು. ಆರು ಸೆಕೆಂಡು. ಮೂವತ್ತು ಮೀನು.
ಯಾರೋ ಆ ಕೈಯನ್ನು ಕದ್ದು, ನಕಲಿಳಿಸಿ,
ತಿಂಗಳಿಗಿಷ್ಟು ಎಂದು ಮಾರುತ್ತಿದ್ದಾರೆ.
ಹನ್ನೊಂದನ್ನು ಅಂದೇ ತೆಗೆದೆ.

ಹನ್ನೆರಡನೆಯದು ಅವಳ ಎಡಕ್ಕೆ ನಿಂತಿದೆ.
ಮೂವತ್ತಕ್ಕೊಮ್ಮೆ ಇಬ್ಬರೂ ಒಟ್ಟಿಗೇ ಕೈ ತಡೆಯುತ್ತಾರೆ.
"ಆ ದೂರು ಇನ್ನೂ ಉಳಿದಿದೆಯಾ?" ದೊಬ್ರೊಮಿರ್ ಕೇಳಿದ.
ನೋಡುತ್ತಿದ್ದೇನೆ, ಎಂದೆ.
ನೋಡುತ್ತಲೇ ಇದ್ದೇನೆ.