ಛಾಟ

ಸಾವಿರ ಬೀಡಿ ಸುತ್ತಿ ಒಯ್ದರ
ಕಾರಖಾನಿ ಮಾಸ್ತರ ಕಟ್ಟು ಬಿಚ್ಚಿ
ಹೆಬ್ಬೆರಳಲೆ ಒಂದೊಂದೇ ಒತ್ತಿ ನೋಡಿ
ಎಂಬತ್ತು ತಗದು ಬುಟ್ಟಿಗಿ ಒಗೀತಾನ.
ಅದಕ್ಕ ನಾವು ಛಾಟ ಅಂತೀವಿ.
ಛಾಟಿನ ಬೀಡಿ ನಮಗ ತಿರುಗಿ ಕೊಡಂಗಿಲ್ಲ,
ಸಂಜಿಕ ಅವನೇ ಮಾರ್ಕೋತಾನ.
ಇದು ಅನ್ಯಾಯ ಅಂತ ಕುಂಭಾರಿ ಕೂಸಿಗೂ ಗೊತ್ತು.
ಆದರ ಅವನ ಹೆಬ್ಬೆರಳು ಕಾಣತದ.
ಜಗಳ ತಗಿಲಿಕ್ಕ ಒಂದು ಮಾರಿ ಅದ.

ಅಮಸಿದ್ಧ ಮೊಬೈಲ್ ತಂದು ತೋರಿಸಿದಾಗ
ಅದರಾಗ ಯಾರ ಹೆಬ್ಬೆರಳೂ ಇದ್ದಿಲ್ಲ.
"ಇಲ್ಲಿ ಛಾಟ ಇಲ್ಲ ಚಿಗವ್ವಾ,
ಲೆಕ್ಕಾ ಎಲ್ಲಾ ಮಷೀನ್ ಮಾಡತದ.
ಮಷೀನಿಗಿ ಹೊಟ್ಟಿ ಎಲ್ಲಿ ಅದ, ಮೋಸ ಮಾಡ್ಲಿಕ್ಕ?"
ಗಾಲಿ ತಿರಗತಿತ್ತು, ಹಸರು ನಾಣ್ಯ ಉದರತಿದ್ವು.
ಆಟದ ಕೆಳಗ ಉದ್ದಕ ಒಂದು ಸಾಲು,
ಅಂಕಿ, ಅಕ್ಷರ, ಮತ್ತ ಅಂಕಿ.
ಅದು ಸಾಕ್ಷಿ ಅಂತ. ಯಾರು ಬೇಕಾದರೂ ತಾಳಿ ಹಚ್ಚಿ ನೋಡಬಹುದಂತ.
ನಾ ಮೂರನೆತ್ತಾ ಕಲಿತಾಕಿ, ಅದೂ ಮರಾಠಿ ಸಾಲ್ಯಾಗ.
ಓದಲಿಕ್ಕ ಬರಲಾರದ್ದು ಖರೇನೇ ಇರಬೇಕು ಅಂತ
ಪೋಥಿ ಕೇಳಿ ಬೆಳದವರು ನಾವು.

ಮೂರು ಸಾವಿರ ಹಾಕಿದೆ.
ಹತ್ತನೇ ದಿನಕ್ಕ ಮೂರು ಸಾವಿರದ ಒಂಬೈನೂರು
ನೋಟಾಗಿ ಕೈಗಿ ಬಂತು. ಮೂಸಿ ನೋಡಿದೆ.
ಜಾಂಬಳಿ ಬಣ್ಣದ ಪತ್ತಲ ತಂದು
ಉಟಗೊಂಡು ಕಟ್ಟಿಮ್ಯಾಲ ಎಲ್ಲಾರ ನಡುವ ಕುಂತೆ.
ನಾ ಯಾರಿಗೂ ಏನೂ ಹೇಳಲಿಲ್ಲ.
ಪತ್ತಲಾನೇ ಹೇಳಿತು.

ಲಚ್ಚಮ್ಮ ಹಾಕಿದಳು. ಮಹಬೂಬಿ ಹಾಕಿದಳು.
ಬೋರಮ್ಮ ಇಪ್ಪತ್ತು ವರ್ಷದ ಫಂಡಿನ ರೊಕ್ಕ ಬಿಡಿಸಿ ಹಾಕಿದಳು.
ನನ್ನ ಹೆಸರಿನ ಕೆಳಗ ಹನ್ನೊಂದು ಹೆಸರು,
ಕಟ್ಟಿಗಿ ದಾರ ಬಿಗಿದಂಗ.

ಗೌರಿ ಹುಣ್ಣಿವಿ ಮರುದಿನ ಗಾಲಿ ನಿಂತಿತು.
ಅಮಸಿದ್ಧನೂ ಅತ್ತ. ಅವನ ಮ್ಯಾಲೊಬ್ಬ,
ಆ ಒಬ್ಬನ ಮ್ಯಾಲ ಮತ್ತೊಬ್ಬ,
ತುದಿಗಿ ಹೋದರ ಮಾರಿನೇ ಇಲ್ಲ.
ಠಾಣೇದಾಗ ಸಾಹೇಬ ಕೇಳಿದ, ಆರೋಪಿ ಯಾರು?
ನಾ ಆ ಉದ್ದನ ಸಾಲು ತೋರಿಸಿದೆ.

ರಾತ್ರಿ ನಿದ್ದಿ ಹತ್ತದ
ಬೆರಳಗಂಟಿನ ಮ್ಯಾಲ ಲೆಕ್ಕಾ ಹಾಕಿದೆ.
ನನ್ನ ಆ ಒಂಬೈನೂರು ಎಲ್ಲಿಂದ ಬಂತು?
ಗಾಲಿ ರೊಕ್ಕ ಹಡಿಯಂಗಿಲ್ಲ.
ಬ್ಯಾರೆ ಯಾವದೋ ಓಣ್ಯಾಗ
ನಾ ಮಾರಿ ನೋಡಲಾರದ ಒಬ್ಬಾಕಿ
ಕೈ ಒರಸಿಕೊಂಡು ಎಣಿಸಿ ಇಟ್ಟದ್ದು ಅದು.
ಆಕಿ ತೆಗ್ಗು ಲಚ್ಚಮ್ಮನ ರೊಕ್ಕದಿಂದ ತುಂಬಿತು,
ಲಚ್ಚಮ್ಮನ ತೆಗ್ಗು ಹಂಗೇ ಉಳೀತು.
ಅವತ್ತು ನೋಟು ಮೂಸಿದಾಗ ತಂಬಾಕಿನ ವಾಸನಿ ಬಂದಿತ್ತು.
ನನ್ನ ಕೈದೇ ಅಂದಕೊಂಡಿದ್ದೆ.

ಯಾರೂ ಬೈಯಲಿಲ್ಲ. ಬೈದಿದ್ದರ ಛಲೋ ಆಗತಿತ್ತು.
ಪತ್ತಲ ಟ್ರಂಕಿನ ತಳಕ್ಕ ಅದ.
ಎಲಿ ಕತ್ತರಸತೀವಿ, ಸುತ್ತತೀವಿ,
ಮದಲಿನಂಗ ನನ್ನ ಮಾಲೂ ತನ್ನ ಬುಟ್ಟಿಯೊಳಗಿಟ್ಟು
ಲಚ್ಚಮ್ಮನೇ ಕಾರಖಾನಿಗಿ ಒಯ್ಯತಾಳ.
ಹದಿನಾರು ವರ್ಷ ಎಣಿಸಲಾರದ ಒಯ್ದಾಕಿ
ನಿನ್ನಿ ನನ್ನ ಒಂದು ಕಟ್ಟು ತಗೊಂಡು
ತೊಡಿಮ್ಯಾಲ ಬಿಚ್ಚಿದಳು.
ಇಪ್ಪತ್ತೈದು ಇದ್ವು.
ನಾ ಕತ್ತರಿ ಹಿಡದು ಸುಮ್ಮ ಕುಂತೆ.
ಆಕಿ ಮತ್ತೊಮ್ಮೆ ಎಣಿಸಿದಳು.