ಕೆಡದ ಮೀನು

ಮಂಡಕ್ಕಿ ಭಟ್ಟಿಗಳ ಬೆನ್ನಿಗೆ ನಮ್ಮ ಐಸ್ ಫ್ಯಾಕ್ಟರಿ.
ಆ ಕಡೆ ಕಾದ ಮರಳಲ್ಲಿ ಅಕ್ಕಿ ಅರಳುತ್ತದೆ,
ಈ ಕಡೆ ಉಪ್ಪುನೀರ ತೊಟ್ಟಿಯಲ್ಲಿ
ತಗಡಿನ ಡಬ್ಬಿಗಳು ಹೆಪ್ಪುಗಟ್ಟುತ್ತವೆ.
ನಡುವಿನ ಗೋಡೆಗೆ ವರ್ಷವಿಡೀ ಚಳಿಜ್ವರ.

ಆ ಗೋಡೆ ಹಾರಿ ಬಂದಳು ಪಾಲಾಕ್ಷಿ, ಒಂಬತ್ತರ ಪೋರಿ.
ಅವ್ವ ಭಟ್ಟಿಯಲ್ಲಿ ಜರಡಿ ಹಿಡಿಯುವಾಕೆ.
ಆಗಷ್ಟೇ ಎತ್ತಿದ ಗಡ್ಡೆಯ ಮೇಲೆ ಬರಿಗಾಲಲ್ಲಿ ನಿಂತು
"ಖಲಂದರಣ್ಣ, ಇದು ಸುಡ್ತೈತಲ್ಲೋ!" ಅಂದಳು.
ಇಳಿಯೇ, ಅಂದೆ.
ಇಳಿಯಲಿಲ್ಲ.

ಹೈಸ್ಕೂಲ್ ಮೈದಾನದ ಸಿಮೆಂಟಿನಲ್ಲಿ ಗಾಲಿ ಬೂಟು,
ಏಳು ಗಾಲಿ ಕೆಂಪು, ಒಂದು ಹಳದಿ.
ಆಮೇಲೆ ಲಡಾಖಿನ ಶಿಬಿರ, ಮೂಗಲ್ಲಿ ರಕ್ತ.
ಆಮೇಲೆ ಫಿನ್ಲೆಂಡಿನ ಒಂದು ಊರು,
ಹೆಸರು ಇನ್ನೂ ನನ್ನ ನಾಲಿಗೆಯ ಮೇಲೆ ಕರಗಿಲ್ಲ.

ರಾತ್ರಿ ಪಾಳಿಯಲ್ಲಿ ಕಂಪ್ರೆಸರ್ ಗುರುಗುಡುವಾಗ
ಅಂಗೈಯಗಲದ ಫೋನಿನಲ್ಲಿ ಅವಳನ್ನು ಹುಡುಕುತ್ತಿದ್ದೆ.
ಬೆನ್ನ ಮೇಲೆ ಹದಿನೇಳು.
ನಮ್ಮೂರ ಗಾಡಿಗಳ ನಂಬರ್ ಪ್ಲೇಟು ಅದು,
ಆ ಬಿಳಿ ಜನಕ್ಕೆ ಹೇಗೆ ಗೊತ್ತಾಗಬೇಕು?
ಹೇಳುವವನು "ಪಲಾಕ್ಸೀ, ಪಲಾಕ್ಸೀ" ಅನ್ನುತ್ತಿದ್ದ
ಔಷಧಿ ಹೆಸರು ಓದಿದ ಹಾಗೆ.

ಅವಳ ಆಟ ನನಗೆ ತಿಳಿದದ್ದು ನಿಧಾನಕ್ಕೆ.
ಮುಖ ಬರುವವರ ಕಡೆ, ಜಾರುವುದು ಹಿಂದಕ್ಕೆ.
ಹಿಂದೆ ಹಿಂದೆ ಹೋಗುತ್ತಲೇ
ಒಂದು ಗೇಣೂ ಬಿಟ್ಟುಕೊಡದ ಹಾಗೆ.
ಕೊನೆಗೆ, ಜಾಗ ಮುಗಿದಾಗ,
ಆ ಕಪ್ಪು ಬಿಲ್ಲೆಯ ದಾರಿಗೆ ತನ್ನನ್ನೇ ಅಡ್ಡ ಮಲಗಿಸುವುದು.

ಹನ್ನೊಂದು ಚಳಿಗಾಲ. ಮೂರು ಕ್ಲಬ್ಬು.
ಹಲ್ಲು ಎರಡು, ಹೆಗಲ ಮೂಳೆ ಒಂದು, ಎಡ ಮಂಡಿ ಪೂರ್ತಿ.
ಗೋಲು ನಾಲ್ಕೇ ನಾಲ್ಕು,
ಅದರಲ್ಲೊಂದು ಯಾರದೋ ಬೂಟಿಗೆ ಬಡಿದು ತಾನಾಗಿ ಒಳಗೆ ಹೋದದ್ದು.

"ಗೋಲೇ ಹೊಡೆಯಂಗಿಲ್ಲ, ಮತ್ಯಾಕಣ್ಣ ಸಂಬಳ?"
ಭಟ್ಟಿ ಹುಡುಗರು ಮಿರ್ಚಿ ಕಚ್ಚುತ್ತಾ ಕೇಳಿದರು.
ನಾನಂದೆ: ಮೀನು ಕೆಟ್ಟರೆ
ಐಸಿನವನ ಅವ್ವ ಅಪ್ಪ ಎಲ್ಲರೂ ಬೈಸಿಕೊಳ್ಳುತ್ತಾರೆ.
ಕೆಡದ ಮೀನು ತಿಂದು
ಯಾವನಾದರೂ ಫ್ಯಾಕ್ಟರಿಗೆ ಬಂದು ಕೈ ಮುಗಿದದ್ದು ನೋಡಿದ್ದೀರೇನು?
ಅವರಿಗೆ ಅರ್ಥವಾಗಲಿಲ್ಲ. ಮಿರ್ಚಿ ಆರಿತು.

ಆಟ ಬಿಟ್ಟು ಬಂದ ವಾರಕ್ಕೆ ಸನ್ಮಾನ.
ಶಾಲು, ಹಣ್ಣಿನ ಬುಟ್ಟಿ, ದುರ್ಗದ ಕಡೆ ರಕ್ತ ಅಂತ ಭಾಷಣ,
ಕೈಗೊಂದು ಒನಕೆ, ಥರ್ಮಾಕೋಲಿನದು,
ಬಂಗಾರದ ಬಣ್ಣ ಇನ್ನೂ ಒಣಗಿರಲಿಲ್ಲ.
ಸಂಜೆ ಅದನ್ನೇ ಕಂಕುಳಲ್ಲಿಟ್ಟು ಕುಂಟುತ್ತಾ ಬಂದಳು.
"ಮೀನಿನ ಬಾಕ್ಸಿಗೆ ಆಗುತ್ತೇನು ನೋಡಣ್ಣ."

ಗೋಣಿಚೀಲದ ಮೇಲೆ ಕೂರಿಸಿ
ಮಂಡಿಗೆ ಒಂದು ಚೂರು ಒಡೆದು ಕೊಟ್ಟೆ.
ಅವಳು ಒತ್ತಿಕೊಳ್ಳಲಿಲ್ಲ, ಬೆಳಕಿಗೆ ಹಿಡಿದಳು.
"ಅಂಚು ಕನ್ನಡಿ. ನಡುವೆ ಯಾಕೆ ಹಾಲಿನಂಗೈತಿ?
ಅಲ್ಲಿನದು ಹಿಂಗಿರಲಿಲ್ಲ."
ಡಬ್ಬಿಯಲ್ಲಿ ನೀರು ಹೊರಗಿನಿಂದ ಗಟ್ಟಿಯಾಗುತ್ತಾ ಬರುತ್ತೆ, ತಂಗಿ,
ಗಾಳಿ, ಬೋರಿನ ಸುಣ್ಣ, ಎಲ್ಲಾ ನಡುವಿಗೆ ಓಡಿ
ಕೊನೆಗೆ ಅಲ್ಲೇ ಸಿಕ್ಕಿಬೀಳುತ್ತೆ, ಅಂದೆ.
ಹೂಂ ಅಂದಳು. ಬಹಳ ಹೊತ್ತು ಮತ್ತೇನೂ ಅನ್ನಲಿಲ್ಲ.

ಹೊರಗೆ ಟೆಂಪೋ ಹಾರನ್ನು.
ದಿನದ ಹಾಗೆ ಒಂದು ಗಡ್ಡೆಯನ್ನು ಕೊಕ್ಕೆಯಿಂದ ಎಳೆದು
ಹಸಿ ನೆಲದ ಮೇಲೆ ಬಾಗಿಲ ಕಡೆ ನೂಕಿದೆ.
ಅದು ಸರ್ರನೆ ಹೊರಟಿತು.
ಯಾವಾಗ ಎದ್ದಳೋ,
ಎರಡು ಹೆಜ್ಜೆ ಹಿಂದಕ್ಕೆ ಜಾರಿ, ಸೊಂಟ ತಗ್ಗಿಸಿ,
ಆ ಕೆಟ್ಟ ಕಾಲನ್ನೇ ಅಡ್ಡ ಕೊಟ್ಟು
ಹೊಸ್ತಿಲಿಗೆ ಒಂದು ಮೊಳ ಇರುವಾಗ
ನಿಲ್ಲಿಸಿಬಿಟ್ಟಳು.

ಟೆಂಪೋದವನು ಬೈದ.
ಮಂಗಳೂರಿನ ಬಂಗುಡೆ ಹನ್ನೆರಡು ಬಾಕ್ಸು
ಬಿಸಿಲಿಗೆ ಕಣ್ಣು ಬಿಟ್ಟುಕೊಂಡು ಕಾಯುತ್ತಿದ್ದವು.