ಮಡಿಸಿದ ನಾಲಿಗೆ

ದುರ್ಗಿಗುಡಿಯಲ್ಲಿ ನಾನು ಹಲ್ಲಿನ ಡಾಕ್ಟರು.
ಭಾನುವಾರ ಮಾತ್ರ ಆ ಕುರ್ಚಿಯ ಮೇಲೆ
ಆಟದ ರೈಲುಗಳು ಬಾಯಿ ತೆರೆದು ಕೂರುತ್ತವೆ.
ಅದೇ ದೀಪ, ಅದೇ ಪುಟ್ಟ ಕನ್ನಡಿ,
ಹತ್ತಿಯ ಬದಲು ಹಳೇ ಬನಿಯನ್ನಿನ ಚೂರು.

ಮೊದಲು ಅಯಸ್ಕಾಂತ ಹಿಡಿಯಬೇಕು. ಅಂಟಿದರೆ ತಗಡು,
ಅಂಟದಿದ್ದರೆ ಹಿತ್ತಾಳೆ, ಅದು ಬೇರೆಯೇ ಮಾತು.
ಆಮೇಲೆ ಮೂಸಬೇಕು. ನಗಬೇಡಿ,
ಅರವತ್ತು ವರ್ಷದ ಬಣ್ಣ ಏನೂ ನಾರುವುದಿಲ್ಲ,
ಹೋದ ತಿಂಗಳ ಬಣ್ಣ ಎಷ್ಟೇ ಸುಳ್ಳು ಹೇಳಲಿ
ಟರ್ಪೆಂಟೈನ್ ಬಾಯಿಬಿಡುತ್ತದೆ.
ಕೀಲಿ ಅದರದೇನಾ? ರಟ್ಟಿನ ಪೆಟ್ಟಿಗೆ ಇದೆಯಾ?
ಪೆಟ್ಟಿಗೆಯೊಳಗಿನ ಖಾಲಿಗೂ ಇಲ್ಲಿ ಅರ್ಧ ಬೆಲೆ.

ಅಪರೂಪ ಅಂದರೆ ಕಡಿಮೆ ಮಾಡಿದ್ದು ಅಂತಲ್ಲ,
ಕಡಿಮೆ ಉಳಿದದ್ದು.
ಮಕ್ಕಳು ಇಷ್ಟಪಟ್ಟದ್ದೆಲ್ಲ ಮುರಿದುಹೋಯಿತು.
ಯಾರೂ ಆಡದ, ಕಂದುಬಣ್ಣದ, ಪೆದ್ದುಮುಖದ ಬೋಗಿಗಳೇ
ಇವತ್ತು ಗಾಜಿನೊಳಗೆ ದೊರೆಗಳ ಹಾಗೆ ನಿಂತಿವೆ.

ಎಲ್ಲಕ್ಕಿಂತ ದೊಡ್ಡ ನಿಯಮ:
ಮೈಯನ್ನೂ ತಳವನ್ನೂ ಹಿಡಿದಿಡುವ ತಗಡಿನ ನಾಲಿಗೆ,
ಕಾರ್ಖಾನೆಯಲ್ಲಿ ಒಮ್ಮೆ ಮಡಿಸಿದ್ದು,
ಅದನ್ನು ಎತ್ತಬಾರದು.
ಎತ್ತಿ ಮತ್ತೆ ಮಡಿಸಿದರೆ ಒಂದು ಬಿಳಿ ಗೆರೆ ಬೀಳುತ್ತದೆ;
ಆ ಗೆರೆಗೆ ನೂರಕ್ಕೆ ನಲವತ್ತು ಕಡಿತ.

ನನ್ನಲ್ಲೊಂದು ಹಸಿರು ಎಂಜಿನ್ನಿದೆ.
ಜರ್ಮನಿಯದು, ಚಿಮಣಿಗೆ ಕೆಂಪು ಉಂಗುರ,
ಮೂರರ ಅಂಕಿ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ಅಚ್ಚಾದದ್ದು.
ಎಂಬತ್ತೊಂಬತ್ತರಲ್ಲಿ, ಗಾಂಧಿ ಬಜಾರಿನ ಒಳಗಲ್ಲಿಯಲ್ಲಿ
ಆಲಿಕೆ, ಲಾಟೀನು, ಸೀಮೆಣ್ಣೆ ಪಂಪು ಮಾಡುತ್ತಿದ್ದ
ದಸ್ತಗೀರ್ ಸಾಬರು ಮುನ್ನೂರು ಅಂದರು.
ಇನ್ನೂರ ಎಪ್ಪತ್ತಕ್ಕೆ ಇಳಿಸಿದೆ.
ಈಗಿನ ಬೆಲೆ ಹೇಳಿದರೆ ನನ್ನ ಹೆಂಡತಿ
ಕಿಟಕಿಗೆ ಇನ್ನೊಂದು ಚಿಲಕ ಹಾಕಿಸು ಅನ್ನುತ್ತಾಳೆ.

ಹೋದ ವಾರ ಸೀಗೆಹಟ್ಟಿಯಿಂದ ಮೆಹರಾಜ್ ಬಂದಳು,
ಸಾಬರ ಮಗಳು, ಟಿಫಿನ್ ಚೀಲ ಹಿಡಿದು.
ಹಲ್ಲಲ್ಲ ಸಾರ್, ಇದು, ಅಂದಳು.
ಹಸಿರು. ಕೆಂಪು ಉಂಗುರ. ತಿರುಗಿದ ಮೂರು.
ನನ್ನ ಕೈ ತಣ್ಣಗಾಯಿತು.
ಒಂದೇ ಒಂದು ಅಂದುಕೊಂಡದ್ದಕ್ಕೆ
ಜೊತೆ ಸಿಕ್ಕ ದಿನವೇ ಬೆಲೆ ಅರ್ಧ.

ಅಯಸ್ಕಾಂತ ಅಂಟಿತು. ವಾಸನೆ ಇಲ್ಲ.
ಹಿಂದಿನ ನಾಲಿಗೆಯೊಂದು ತಾನಾಗಿ ಬಿರಿದಿತ್ತು,
ಸಂದಿಯಲ್ಲಿ ಕನ್ನಡಿ ತೂರಿಸಿದೆ, ದವಡೆಹಲ್ಲು ನೋಡುವ ಹಾಗೆ.
ಒಳಗೆ, ತಲೆಕೆಳಗಾಗಿ,
ಡಾಲ್ಡಾ ಡಬ್ಬಿಯ ಮರ.

ಉಸಿರು ಬಂತು. ಇದು ನಕಲು, ಅಂದೆ,
ಸ್ವಲ್ಪ ಹೆಚ್ಚೇ ಖುಷಿಯಲ್ಲಿ.
ನಕಲೇ, ಅಂದಳು. ಅಪ್ಪ ಇಂಥವು ಎರಡು ಮಾಡಿದ್ರು,
ಅಸಲನ್ನ ಪಕ್ಕದಲ್ಲಿಟ್ಟುಕೊಂಡು,
ತಪ್ಪು ಅಂಕೀನೂ ತಪ್ಪದೆ ಬರೆದು.
ಮೂರು ಎಂಜಿನ್ನೂ ಹೊಸ್ತಿಲ ಮೇಲೆ ನಿಲ್ಲಿಸಿ
ಯಾವುದು ಯಾವುದು ಹೇಳು ಅಂದ್ರಂತೆ ಅಮ್ಮನಿಗೆ.
ಅಮ್ಮ ತೋರಿಸಿದ್ದನ್ನ ನಿಮಗೆ ಮಾರಿದ್ರು.
ಒಂದನ್ನ ನನ್ನ ತಮ್ಮ ಹೊಳೆಗೆ ಬಿಟ್ಟ.
ಉಳಿದದ್ದು ಇದು.

ಪುಸ್ತಕದ ಪ್ರಕಾರ ಸೊನ್ನೆ.
ಆದರೆ ಜರ್ಮನಿಯಲ್ಲಿ ಸಾವಿರ ಒತ್ತಿರಬಹುದು,
ಗಾಂಧಿ ಬಜಾರಿನಲ್ಲಿ ಎರಡು,
ಅದರಲ್ಲೊಂದು ತುಂಗೆಯ ಮರಳಿನಲ್ಲಿ.
ನನ್ನ ನಿಯಮ ನನಗೇ ಹಲ್ಲು ಕಿರಿಯಿತು.
ಎರಡು ಸಾವಿರ ಕೊಡ್ತೀನಿ, ಅಂದೆ.
ಮಾರೋಕಲ್ಲ ಸಾರ್, ಕೀಲಿ ತಿರುಗ್ತಿಲ್ಲ,
ನಿಮ್ಮ ಹತ್ತಿರ ಸಣ್ಣ ಚಿಮುಟ ಇರುತ್ತಲ್ಲ ಅಂತ ತಂದೆ.

ಒಂದು ಹನಿ ಎಣ್ಣೆ ಸಾಕಾಯಿತು.
ಮೇಜಿನ ಮೇಲೆ ಒಂದೂವರೆ ಸುತ್ತು ಓಡಿ
ಕಟ್ಟುಹಲ್ಲಿನ ಸೆಟ್ಟಿಗೆ ಡಿಕ್ಕಿ ಹೊಡೆದು ನಿಂತಿತು.
ಅಮ್ಮ ಸರಿಯಾಗಿ ತೋರಿಸಿದರಾ ಅಂತ
ಕೇಳಬೇಕೆಂದಿದ್ದೆ. ಕೇಳಲಿಲ್ಲ.

ರಾತ್ರಿ ಗಾಜಿನ ಬಾಗಿಲು ಸರಿಸಿದೆ.
ನನ್ನದರ ನಾಲ್ಕೂ ನಾಲಿಗೆ ಬಿಗಿಯಾಗಿವೆ,
ಕನ್ನಡಿ ಹೋಗುವಷ್ಟು ಸಂದಿಲ್ಲ.
ಒಂದು ಎತ್ತಿದರೆ ಗೊತ್ತಾಗುತ್ತದೆ.
ಎತ್ತಿದರೆ ನೂರಕ್ಕೆ ನಲವತ್ತು ಹೋಗುತ್ತದೆ,
ಅಸಲಾಗಿದ್ದರೆ.

ತಾಳಗುಪ್ಪದ ಗಾಡಿ ಕೂಗಿತು, ಎಂದಿನಂತೆ ತಡವಾಗಿ.
ಚಿಮುಟ ಕೆಳಗಿಟ್ಟು
ಎಂಜಿನ್ನನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ.
ಒಳಗೆ ಏನೋ ಸಣ್ಣದು, ತುಕ್ಕೋ ಮರಳೋ,
ಈ ಬದಿಯಿಂದ ಆ ಬದಿಗೆ ಹೋಯಿತು.